ಉಂಡ ತಟ್ಟೆ ಬಿಟ್ಟು ಏಳುವುದನ್ನು ಮಗನಿಗೆ ಕಲಿಸಿದ್ದು ಯಾರು?

ತಿಪಟೂರಿನ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಒಂದು ವಾರದಿಂದ ತಲೆ ಕೊರೆಯುತ್ತಿದೆ.

ನಮ್ಮದು ಕೂಡು ಕುಟುಂಬ. ಅತ್ತೆ, ಮಾವ, ಯಜಮಾನರು, ನಾನು, 10 ವರ್ಷದ ಮಗಳು, 6 ವರ್ಷದ ಮಗ. ಕಳೆದ ಭಾನುವಾರ ಮುದ್ದೆ, ಅವರೆಕಾಳು ಸಾರು ಮಾಡಿದ್ದೆ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತಿದ್ದರು. ಮಗ ಊಟ ಮುಗಿಸಿದ. ಚೊಂಬಿನ ನೀರು ಬಗ್ಗಿಸಿಕೊಂಡು ತಟ್ಟೆಯಲ್ಲೇ ಕೈ ತೊಳೆದ. ಆಮೇಲೆ ಎಡಗೈ ಹಿಂಬದಿಯಿಂದ ತಟ್ಟೆಯನ್ನು ಎರಡು ಬೆರಳಷ್ಟು ಮುಂದಕ್ಕೆ ತಳ್ಳಿದ. ಮಂಡಿ ಮೇಲೆ ಕೈಯೂರಿ, 'ಉಸ್ಸಪ್ಪಾ' ಅಂತ ಎದ್ದು ಹೋದ.

ನನ್ನ ಎದೆ ಝಲ್ ಅಂದಿತು. ಅದು ನಮ್ಮ ಮಾವನವರು ಏಳುವ ರೀತಿ. ತಟ್ಟೆ ತಳ್ಳುವುದು ಕೂಡ ಥೇಟ್ ಅವರ ಹಾಗೇ. ಮಾವನಿಗೆ ಮಂಡಿ ನೋವು, ಅದಕ್ಕೆ ಉಸ್ಸಪ್ಪಾ ಅನ್ನುತ್ತಾರೆ. 6 ವರ್ಷದ ಹುಡುಗನಿಗೆ ಎಲ್ಲಿಯ ಮಂಡಿ ನೋವು?

ಮಾವ ಒಳ್ಳೆಯವರು. 'ನೀನು ಗಂಡಸು, ತಟ್ಟೆ ಎತ್ತಬೇಡ' ಅಂತ ಅವನಿಗೆ ಒಂದು ದಿನವೂ ಹೇಳಿದವರಲ್ಲ. ಯಜಮಾನರೂ ಹೇಳಿಲ್ಲ. ನಾನಂತೂ ಎರಡು ವರ್ಷದಿಂದ 'ನಿನ್ನ ತಟ್ಟೆ ನೀನೇ ಸಿಂಕಿಗೆ ಹಾಕು' ಅಂತ ಹೇಳುತ್ತಲೇ ಇದ್ದೇನೆ. ಹೇಳಿದ್ದು ತಲೆಗೆ ಹತ್ತಲಿಲ್ಲ, ಯಾರೂ ಹೇಳದೇ ಇದ್ದದ್ದು ಹತ್ತಿತು. ಇದು ಹೇಗೆ? ಬಿಡಿಸುವುದು ಹೇಗೆ? ಮಾವನ ಮನಸ್ಸಿಗೂ ನೋವಾಗಬಾರದು. ಗೊತ್ತಿದ್ದವರು ಹೇಳಿ.

ನಿವೃತ್ತ ಮೇಷ್ಟ್ರು, ಹಾಸನ

ತಾಯಿ, ನಾನು ಪಿಯು ಕಾಲೇಜಿನಲ್ಲಿ 28 ವರ್ಷ ಸಮಾಜಶಾಸ್ತ್ರ ಪಾಠ ಮಾಡಿದವನು. ನೀವು ಹೇಳುತ್ತಿರುವುದಕ್ಕೆ ನಮ್ಮ ಪುಸ್ತಕದಲ್ಲಿ ಸಾಮಾಜೀಕರಣ ಅಂತ ಹೆಸರು. ಮನೆಯೇ ಅದರ ಮೊದಲ ಶಾಲೆ.

ತರಗತಿಯಲ್ಲಿ ನಾನು ಹೇಳುತ್ತಿದ್ದ ಒಂದು ಪ್ರಯೋಗ ಇದೆ. 1961ರಲ್ಲಿ ಪ್ರಕಟವಾದದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರಾ ಮತ್ತು ಜೊತೆಗಾರರು 72 ಪುಟ್ಟ ಮಕ್ಕಳನ್ನು ಇಟ್ಟುಕೊಂಡು ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಸುತ್ತಿಗೆಯಿಂದ ಹೊಡೆಯುವುದನ್ನು ಕೆಲವು ಮಕ್ಕಳು ಸುಮ್ನೆ ಕೂತು ನೋಡಿದರು. ನೀನೂ ಹೊಡಿ ಅಂತ ಯಾರೂ ಹೇಳಲಿಲ್ಲ. ಆಮೇಲೆ ಅಂಥದ್ದೇ ಗೊಂಬೆ ಸಿಕ್ಕಾಗ ಅವರಲ್ಲಿ ಅನೇಕರು ಹಾಗೇ ಹೊಡೆದರು. ದೊಡ್ಡವರು ಆಡಿದ್ದ ಮಾತನ್ನೇ ಆಡಿದರು. ಗಂಡಸು ಹೊಡೆದದ್ದನ್ನು ನೋಡಿದಾಗ ಹುಡುಗರು ಜಾಸ್ತಿ ಹೊಡೆದರು.

ಮಗು ತನ್ನ ಹಾಗೇ ಇರುವವರು ಯಾರು ಅಂತ ಹುಡುಕುತ್ತದೆ. ನಿಮ್ಮ ಮಗ ಊಟಕ್ಕೆ ತಾತನ ಪಕ್ಕವೇ ಕೂರುತ್ತಾನೆ, ಅಲ್ವಾ?

ಇನ್ನೊಂದು ಕೇಳಲೇ? ಅವನು ಬಿಟ್ಟು ಹೋದ ತಟ್ಟೆಯನ್ನು ಆ ದಿನ ಯಾರು ಎತ್ತಿದರು?

ತಿಪಟೂರಿನ ಸೊಸೆ

ಹೌದು ಸರ್, ತಾತನ ಪಕ್ಕವೇ.

ನಿಮ್ಮ ಕೊನೆಯ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಎತ್ತಿದ್ದು ಮಗಳು. ಎಲ್ಲ ತಟ್ಟೆಗಳ ನೀರನ್ನೂ ಒಂದಕ್ಕೆ ಬಗ್ಗಿಸಿ, ಒಂದರ ಮೇಲೊಂದು ಇಟ್ಟು, ಮೇಲಿನ ತಟ್ಟೆಯ ಅಂಚಿಗೆ ಹೆಬ್ಬೆರಳು ಒತ್ತಿ ಹಿಡಿದು, ಸೊಂಟಕ್ಕೆ ಆನಿಸಿಕೊಂಡು ತಂದಳು. ಒಂದು ಹನಿ ಚೆಲ್ಲಲಿಲ್ಲ. ನಾನು ತರುವುದೂ ಹಾಗೇ, ಸೊಂಟಕ್ಕೆ ಆನಿಸಿಕೊಂಡೇ.

ಅವಳಿಗೂ ಯಾರೂ ಹೇಳಿಕೊಟ್ಟಿಲ್ಲ. ಮಗ ತಟ್ಟೆ ತಳ್ಳಿದ್ದು ನೋಡಿ ಗಾಬರಿಯಾದೆ. ಮಗಳು ಎತ್ತಿದ್ದು ನನ್ನ ಕಣ್ಣಿಗೇ ಬೀಳಲಿಲ್ಲ. ಬಿದ್ದಿದ್ದರೂ 'ಜಾಣೆ' ಅನ್ನುತ್ತಿದ್ದೆ.

ಸರ್ಕಾರಿ ಶಾಲೆ ಟೀಚರ್, ಚಳ್ಳಕೆರೆ ಕಡೆ

ಅಕ್ಕ, ನಾನು ದಿನಾ ಕಾಣುವುದನ್ನು ಹೇಳುತ್ತೇನೆ. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಈಗಿನ ಮಕ್ಕಳಿಗೆ ಬಿಸಿಯೂಟ ಇಲ್ಲದ ಶಾಲೆ ಗೊತ್ತೇ ಇಲ್ಲ. ನಮ್ಮಲ್ಲಿ ಊಟ ಆದಮೇಲೆ ನಲ್ಲಿ ಮುಂದೆ ಸಾಲು ನಿಲ್ಲುತ್ತದೆ. ಹುಡುಗರು, ಹುಡುಗಿಯರು, ಎಲ್ಲರೂ ಅವರವರ ತಟ್ಟೆ ಅವರೇ ತೊಳೆಯುತ್ತಾರೆ. ತಕರಾರೇ ಇಲ್ಲ. ಒಂದು ದಿನ ಐದನೇ ಕ್ಲಾಸಿನ ಹುಡುಗನ ತಾಯಿ ಬಂದಿದ್ದರು. ಮಗ ತಟ್ಟೆ ಉಜ್ಜುವುದನ್ನು ನೋಡಿ, 'ಮನೇಲಿ ಲೋಟ ಕೂಡ ಎತ್ತಲ್ಲ ಮಿಸ್' ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡರು.

ಅಂದರೆ ಹುಡುಗರಿಗೆ ತಟ್ಟೆ ತೊಳೆಯಲು ಬರುವುದಿಲ್ಲ ಅಂತಲ್ಲ. ಎಲ್ಲಿ ತೊಳೆಯಬೇಕು, ಎಲ್ಲಿ ಬೇಡ ಅನ್ನುವುದು ಚೆನ್ನಾಗಿ ಗೊತ್ತು.

ನನ್ನದೂ ತಪ್ಪಿದೆ. ಕ್ಲಾಸ್ ಗುಡಿಸುವುದು ಹುಡುಗಿಯರು, ಬೆಲ್ ಹೊಡೆಯುವುದು ಹುಡುಗರು ಅಂತ ನಾನೇ ವರ್ಷಗಟ್ಟಲೆ ಯೋಚನೆ ಮಾಡದೆ ಹಂಚಿದ್ದೆ. ಎರಡು ವರ್ಷದ ಹಿಂದೆ ಹಾಜರಿ ಪುಸ್ತಕದ ನಂಬರ್ ಪ್ರಕಾರ ಸರದಿ ಮಾಡಿದೆ. ಮೊದಲ ವಾರ ಒಬ್ಬ ತಂದೆ ಗೇಟಿನ ಹತ್ತಿರ ಬಂದು ಜಗಳ ಮಾಡಿದರು. ಮೂರು ತಿಂಗಳಾದ ಮೇಲೆ ಯಾರೂ ಕೇಳಲಿಲ್ಲ. ಈಗ ಬೆಲ್ ಹೊಡೆಯಲು ಹುಡುಗಿಯರು ಓಡುವುದನ್ನು ನೋಡಬೇಕು ನೀವು.

ಮಾವನವರಿಗೆ ಏನೂ ಹೇಳಬೇಡಿ. ಮಗಳಿಗೆ 'ತಮ್ಮನ ತಟ್ಟೆ ಎತ್ತಬೇಡ' ಅನ್ನಿ. ತಟ್ಟೆ ಬಿದ್ದಿರಲಿ.

ಹಾಸ್ಟೆಲ್ ಹುಡುಗ

ಟೀಚರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹಾಸ್ಟೆಲ್‌ನಲ್ಲಿ 5 ವರ್ಷ ನನ್ನ ತಟ್ಟೆ ತೊಳೆದವನು. ಮದುವೆಯಾದ ಹೊಸತರಲ್ಲಿ ಮನೆಯಲ್ಲೂ ತಟ್ಟೆ ಹಿಡಿದು ಎದ್ದೆ. ಅಮ್ಮ ಕೈಯಿಂದ ಕಿತ್ತುಕೊಂಡು, 'ಅವಳಿಲ್ವಾ?' ಅಂದರು. ಚಿಕ್ಕಪ್ಪ 'ಹೆಂಡತಿ ಗುಲಾಮ' ಅಂತ ನಕ್ಕರು. 5 ವರ್ಷದ ಅಭ್ಯಾಸ ಒಂದೇ ವಾರದಲ್ಲಿ ಹೋಯಿತು.

2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿತು. 6 ವರ್ಷ ಮತ್ತು ಮೇಲಿನವರನ್ನು ಲೆಕ್ಕಕ್ಕೆ ತಗೊಂಡರು. ನಿಮ್ಮ ಮಗನ ವಯಸ್ಸೇ. ದಿನದಲ್ಲಿ ಮನೆಗೆಲಸಕ್ಕೆ ಕೈ ಹಾಕಿದವರು ಹೆಂಗಸರಲ್ಲಿ 100ಕ್ಕೆ 81, ಗಂಡಸರಲ್ಲಿ 26. ಕೈ ಹಾಕಿದವರಲ್ಲೂ ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ. ಕೈ ಹಾಕದೇ ಉಳಿದ 74 ಗಂಡಸರಲ್ಲಿ ನಾನೂ ಒಬ್ಬ. ಓದಿದ ದಿನ ತುಂಬಾ ಬೇಜಾರಾಯಿತು.

ಕೊಳ್ಳೇಗಾಲ ಕಡೆಯವನು

ಇಲ್ಲಿ ಯಾರೂ ಹೇಳದ ಒಂದು ಮಾತು ಇದೆ. 1976ರಲ್ಲಿ ಜೀತ ರದ್ದು ಮಾಡುವ ಕಾನೂನು ಬಂದಾಗ ನಮ್ಮಪ್ಪನಿಗೆ 14 ವರ್ಷ. ಅಲ್ಲಿಯವರೆಗೂ ಧಣಿ ಮನೆಯ ಹಿತ್ತಲಲ್ಲಿ ಕೂತು ಉಣ್ಣಬೇಕು. ಉಂಡ ತಟ್ಟೆ ತಾನೇ ತೊಳೆದು ಕೊಟ್ಟಿಗೆ ಗೋಡೆಯ ಸಂದಿಗೆ ಸಿಕ್ಕಿಸಬೇಕು. ಆ ತಟ್ಟೆಯನ್ನು ಮನೆಯವರು ಯಾರೂ ಮುಟ್ಟುತ್ತಿರಲಿಲ್ಲ.

ಅದಕ್ಕೇ ನಮ್ಮವ್ವ ಮನೆಯಲ್ಲಿ ಅಪ್ಪನ ಕೈಗೆ ಉಂಡ ತಟ್ಟೆ ಮುಟ್ಟಿಸುತ್ತಿರಲಿಲ್ಲ. 'ಈ ಮನೇಲಾದ್ರೂ ಬುಟ್ಟು ಎದ್ದೇಳು' ಅನ್ನುತ್ತಿದ್ದಳು. ನಾನು ಅದನ್ನು ಗಂಡಸರ ಗತ್ತು ಅಂದುಕೊಂಡು ಕಲಿತೆ. ಅವ್ವ ಅಪ್ಪನಿಗೆ ಕೊಡುತ್ತಿದ್ದ ಮರ್ಯಾದೆ ಅದು ಅಂತ ತಿಳಿಯುವ ಹೊತ್ತಿಗೆ ನನಗೆ 30 ದಾಟಿತ್ತು. ಈಗ ಅಪ್ಪನ ತಟ್ಟೆ ನಾನು ಎತ್ತುತ್ತೇನೆ. ಹೆಂಡತಿ ಕೈಗೆ ಬಿಡುವುದಿಲ್ಲ.

ನಿಮ್ಮ ಮಾವನವರನ್ನು ಒಂದು ಸಲ ಕೇಳಿ ನೋಡಿ. ತಟ್ಟೆ ಬಿಟ್ಟು ಏಳುವುದನ್ನು ಅವರು ಯಾರಿಂದ ಕಲಿತರೋ ಏನೋ.

ತಿಪಟೂರಿನ ಸೊಸೆ

ಎಲ್ಲರಿಗೂ ಋಣಿ. ಕೊಳ್ಳೇಗಾಲದ ಅಣ್ಣಾ, ನಿಮ್ಮ ಮಾತನ್ನು ಯಜಮಾನರಿಗೂ ಓದಿ ಹೇಳಿದೆ.

ನಿನ್ನೆ ಸಂಜೆ ಕಾಫಿ ಕೊಡುವಾಗ ಮಾವನನ್ನು ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಚಿಕ್ಕವನಿದ್ದಾಗ ಎತ್ತುತ್ತಿದ್ದೆ ಕಣಮ್ಮ. ನಾನು ಎತ್ತಿದರೆ ನಮ್ಮಕ್ಕನಿಗೆ ಬೈಗುಳ ಬೀಳೋದು, ತಮ್ಮನ ಕೈಲಿ ಎಂಜಲು ಎತ್ತಿಸ್ತೀಯಾ ಅಂತ. ಅವಳಿಗೆ ಬೈಸಬಾರದು ಅಂತ ಬಿಟ್ಟೆ' ಅಂದರು. ಮಾವನ ಆ ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು.

ಇವತ್ತು ಮಧ್ಯಾಹ್ನ ಟೀಚರ್ ಹೇಳಿದ ಹಾಗೆ ಮಾಡಿದೆ. ಮಗನ ತಟ್ಟೆ ಅಲ್ಲೇ ಬಿತ್ತು. ಅತ್ತೆಯ ಕೈ ಎರಡು ಸಲ ಮುಂದಕ್ಕೆ ಹೋಯಿತು. ಮಾವ 'ಇರಲಿ ಬಿಡೇ' ಅಂದರು. ಮೂರು ಗಂಟೆಯಾದರೂ ತಟ್ಟೆ ಅಲ್ಲೇ, ಮುದ್ದೆ ಅಂಟಿ ಒಣಗುತ್ತಾ ಇತ್ತು. ಕೊನೆಗೆ ಮಗ ಇರುವೆ ಬಂತು ಅಂತ ಅಳುತ್ತಾ ಎತ್ತಿಕೊಂಡು ಹೋದ. ದಾರಿಯುದ್ದಕ್ಕೂ ನೀರು ಚೆಲ್ಲಿತು. ಪರವಾಗಿಲ್ಲ.

ಅವನಿಗೆ ಅಭ್ಯಾಸ ಆಗುತ್ತದೆ ಅನ್ನಿಸುತ್ತಿದೆ. ಕಷ್ಟವಾದದ್ದು ಮಗಳಿಗೆ. ಅಷ್ಟು ಹೊತ್ತೂ ಬಾಗಿಲ ಹತ್ತಿರವೇ ನಿಂತಿದ್ದಳು, ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತಾ. 'ನಾನೇ ಎತ್ತಿಬಿಡ್ತೀನಮ್ಮಾ' ಅಂತ ನಾಲ್ಕು ಸಲ ಕೇಳಿದಳು. ಟೀಚರ್, ನಿಮ್ಮ ಶಾಲೆಯ ಹುಡುಗಿಯರು ಮೊದಲ ವಾರ ಹೇಗಿದ್ದರು? ಅವರಿಗೆ ಏನು ಹೇಳಿದಿರಿ?