ಮಧ್ಯಾಹ್ನ ಆದರೆ ಆಫೀಸ್ ಎಸಿ ತಂಪೇ ಕೊಡಲ್ಲ, ಗ್ಯಾಸ್ ಹಾಕಿಸಬೇಕಾ?

ರಾಯಚೂರು_ಬಿಸಿಲು:
ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಆಫೀಸು. ಮೇಲಿನ ಮಹಡಿ, ನೆತ್ತಿ ಮೇಲೆ ಬರೀ ಸ್ಲ್ಯಾಬ್. ಒಂದೂವರೆ ಟನ್ನಿನ ಹಳೇ ಸ್ಪ್ಲಿಟ್ ಎಸಿ ಇದೆ, ಇನ್ವರ್ಟರ್ ಅಲ್ಲ. ಬೆಳಿಗ್ಗೆ ಚೆನ್ನಾಗೇ ತಂಪಾಗುತ್ತೆ. ಹನ್ನೆರಡು ದಾಟಿತು ಅಂದರೆ ಬರೀ ಫ್ಯಾನ್ ಗಾಳಿ, 18ಕ್ಕೆ ಇಟ್ಟರೂ ಅಷ್ಟೇ. ಸಂಜೆ ಮೇಲೆ ಮತ್ತೆ ತಾನಾಗೇ ಸರಿ ಹೋಗುತ್ತೆ. ಮೆಕ್ಯಾನಿಕ್ ಬಂದು ಗಾಳಿಗೆ ಕೈ ಒಡ್ಡಿ ನೋಡಿ "ಗ್ಯಾಸ್ ಕಡಿಮೆ ಇದೆ" ಅಂದುಬಿಟ್ಟ. ಹೋದ ಬೇಸಿಗೆಯಲ್ಲೂ ಇದೇ ಮಾತು, ದುಡ್ಡು ಕೊಟ್ಟು ಹಾಕಿಸಿದ್ದೆವು. ಫಿಲ್ಟರ್ ನಾನೇ ತೊಳೆಯುತ್ತೀನಿ. ಏನು ಮಾಡಲಿ ಹೇಳಿ.

ಬಳ್ಳಾರಿ_ಹುಡುಗ:
ಟಾಪ್ ಫ್ಲೋರಿಗೆ ಒಂದೂವರೆ ಟನ್ ಎಲ್ಲಿ ಸಾಕಾಗುತ್ತೆ ಅಣ್ಣ, ಎರಡು ಟನ್ ತಗೊಂಡುಬಿಡಿ.

ಕೊಪ್ಪಳ_ಕೂಲಿಂಗ್:
ತಡೀರಿ, ಈಗಲೇ ಹೊಸದು ಯಾಕೆ? ನಾನು ಇದೇ ಕೆಲಸ ಮಾಡುವವನು. ಎಸಿ ಗ್ಯಾಸು ಗಾಡಿ ಪೆಟ್ರೋಲಿನ ಹಾಗೆ ಖರ್ಚಾಗಲ್ಲ. ಪೈಪಿನೊಳಗೇ ಸುತ್ತುತ್ತಿರುತ್ತೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ, ಲೀಕ್ ಹುಡುಕದೆ ಮತ್ತೆ ಮತ್ತೆ ತುಂಬೋದು ದಂಡ. ಅದೂ ಅಲ್ಲದೆ ಗ್ಯಾಸ್ ಕಡಿಮೆ ಇದ್ದಿದ್ದರೆ ಬೆಳಿಗ್ಗೇನೂ ತಂಪು ಸಾಲುತ್ತಿರಲಿಲ್ಲ, ಔಟ್‌ಡೋರಿನ ಸಣ್ಣ ಪೈಪಿನ ಮೇಲೆ ಮಂಜು ಕಟ್ಟಿರೋದು, ನಟ್ ಹತ್ತಿರ ಎಣ್ಣೆ ಕಲೆ ಕಾಣೋದು.

ನಿಮ್ಮದು ಬಿಸಿಲು ಏರಿದಾಗ ಮಾತ್ರ ಸೋಲುತ್ತಿದೆ ಅಂದರೆ ಔಟ್‌ಡೋರ್ ಯೂನಿಟ್ ಬಿಸಿ ಹೊರಗೆ ಹಾಕೋಕೆ ಆಗದೆ ಒದ್ದಾಡುತ್ತಿದೆ ಅಂತ ನನ್ನ ಅನುಮಾನ. ಒಂದು ಥರ್ಮಾಮೀಟರ್ ಹಿಡಿದು, ಇಂಡೋರ್ ಯೂನಿಟ್ ಮೇಲಿಂದ ಎಳೆದುಕೊಳ್ಳುವ ಗಾಳಿ ಎಷ್ಟು, ಕೆಳಗೆ ಬಿಡುವ ಗಾಳಿ ಎಷ್ಟು, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ನೋಡಿ. 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ಮಧ್ಯಾಹ್ನ ಔಟ್‌ಡೋರ್ ಹತ್ತಿರ ನಿಂತು ಕೇಳಿ, ಫ್ಯಾನ್ ತಿರುಗುತ್ತಾ ಕಂಪ್ರೆಸರ್ ಗುಂಯ್ ಸದ್ದು ನಿಂತಿದ್ದರೆ ಅದು ಬಿಸಿಯಾಗಿ ಟ್ರಿಪ್ ಆಗಿದೆ, ಅಂದರೆ ತಾನಾಗೇ ಆಫ್ ಆಗಿದೆ. ವೋಲ್ಟೇಜ್ ಕೂಡ ಅಳೆಸಿ, ಇಡೀ ಊರಿನ ಎಸಿ ಆನ್ ಆದ ಹೊತ್ತಿನಲ್ಲಿ ಇಳಿದಿರುತ್ತೆ. ಯೂನಿಟ್ಟಿನ ಹಿಂಭಾಗಕ್ಕೆ ಟಾರ್ಚ್ ಬಿಟ್ಟು ನೋಡೋದು ಮರೀಬೇಡಿ. ಎಲ್ಲರೂ ಎದುರಿನ ಫ್ಯಾನ್ ನೋಡಿ "ಕ್ಲೀನಿದೆ" ಅಂತಾರೆ, ಕಸ ಇರೋದು ಹಿಂದೆ.

ರಾಯಚೂರು_ಬಿಸಿಲು:
ನೋಡಿದೆ ಸರ್. ಬೆಳಿಗ್ಗೆ ಎಳೆಯೋದು 29, ಬಿಡೋದು 18. ಎರಡು ಗಂಟೆಗೆ 34 ಮತ್ತು 31! ಕಂಪ್ರೆಸರ್ ಸದ್ದು ನಿಂತು ನಿಂತು ಬರುತ್ತಿತ್ತು. ವೋಲ್ಟೇಜ್ 215, ಅದರ ತಕರಾರಿಲ್ಲ. ನಮ್ಮ ಹಿಂದೆ ಹತ್ತಿ ಜಿನ್ನಿಂಗ್ ಮಿಲ್ ಇದೆ ಅಂತ ಹೇಳೋದೇ ಬಿಟ್ಟಿದ್ದೆ. ಔಟ್‌ಡೋರ್ ಹಿಂದೆ ಅರಳೆ, ಧೂಳು ಸೇರಿ ಬೂದು ಬಣ್ಣದ ಪದರ ಕಟ್ಟಿದೆ. ಮೂಲೆ ಹಿಡಿದು ಎಳೆದರೆ ಅಂಗೈ ಅಗಲದ ತುಂಡು ಹಾಗೇ ಕಿತ್ತು ಬಂತು. ಅದರ ಕೆಳಗಿನ ತೆಳು ಲೋಹದ ರೇಕುಗಳು ಕಾಣೋದೇ ಇಲ್ಲ.

ಕೊಪ್ಪಳ_ಕೂಲಿಂಗ್:
ಸಿಕ್ಕಿತಲ್ಲ! ಚಳಿಗಾಲ ಪೂರ್ತಿ ಮಿಲ್ ನಡೆದು ಅರಳೆ ಕೂತಿರುತ್ತೆ, ಆಗ ಎಸಿ ಹಾಕಲ್ಲ, ಗೊತ್ತಾಗಲ್ಲ. ಎಸಿ ಕರೆಂಟಿನ ಎಂಸಿಬಿ ಸ್ವಿಚ್ ಆಫ್ ಮಾಡಿಸಿ, ವಯರಿಂಗ್ ಕಡೆ ಪ್ಲಾಸ್ಟಿಕ್ ಮುಚ್ಚಿ, ಮೆತ್ತನೆ ಬ್ರಷ್‌ನಿಂದ ಒಣ ಅರಳೆ ಮೊದಲು ತೆಗೆಸಿ. ಆಮೇಲೆ ಒಳಗಿನಿಂದ ಹೊರಕ್ಕೆ ನೀರು, ಅದೂ ಸಾದಾ ಪೈಪಿನಲ್ಲಿ. ಗಾಡಿ ತೊಳೆಯೋ ಪ್ರೆಶರ್ ಗನ್ ಹಿಡಿದರೆ ರೇಕು ಮಡಚಿಕೊಂಡು ಇನ್ನೂ ಜಾಸ್ತಿ ತೊಂದರೆ. ಗೋಡೆಯಾಚೆ ತೂಗುವ ಯೂನಿಟ್ ಆದರೆ ನೀವು ಬಗ್ಗೋಕೆ ಹೋಗಬೇಡಿ, ಸೇಫ್ಟಿ ಬೆಲ್ಟ್ ಇರುವವರನ್ನೇ ಕರೆಸಿ. ಬಂದಾಗ ಕಂಪ್ರೆಸರ್ ಓಡೋಕೆ ನೆರವಾಗುವ ಕೆಪಾಸಿಟರ್ ಉಬ್ಬಿದೆಯಾ ಅಂತಲೂ ನೋಡಲಿ.

ರಾಯಚೂರು_ಬಿಸಿಲು:
ತೊಳೆಸಿದೆವು. ಕೆಪಾಸಿಟರ್ ಸರಿ ಇತ್ತು. ಇವತ್ತು ಮೂರು ಗಂಟೆಗೆ ಎಳೆಯೋದು 29, ಬಿಡೋದು 19. ಗ್ಯಾಸ್ ಮುಟ್ಟಿಸಲಿಲ್ಲ. ರೂಮು ಪೂರ್ತಿ 24ಕ್ಕೆ ಇನ್ನೂ ಇಳಿದಿಲ್ಲ, ಅದೊಂದು ಬಾಕಿ.

ಕೊಪ್ಪಳ_ಕೂಲಿಂಗ್:
ಮಷಿನ್ ಈಗ ಸರಿ ಇದೆ. ನಮ್ಮಲ್ಲಿ ಮಾರುವ ಸಾಮಾನ್ಯ ಎಸಿಗಳ ಟನ್ ಲೆಕ್ಕ ಹೊರಗೆ 35 ಡಿಗ್ರಿ ಇದ್ದಾಗಿನದು. ರಾಯಚೂರಿನ ಏಪ್ರಿಲ್‌ನಲ್ಲಿ 40 ದಾಟಿದರೆ ಅದೇ ಎಸಿ ಅಷ್ಟು ಎಳೆಯಲ್ಲ. ಸ್ಲ್ಯಾಬ್ ಮೇಲೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ, ಅದಾದ ಮೇಲೆ ಬೇಕಿದ್ದರೆ ಬಳ್ಳಾರಿ ತಮ್ಮನ ಎರಡು ಟನ್ ಯೋಚಿಸಿ 😄

ಸಿಂಧನೂರು_ರೈಸ್:
ನಮ್ಮದೂ ಇದೇ ಕಥೆ, ಅರಳೆ ಬದಲು ತೌಡಿನ ಧೂಳು. ಔಟ್‌ಡೋರಿಗೆ ಹಸಿರು ನೆಟ್ ಸುತ್ತಿದರೆ ನಡೆಯುತ್ತಾ ಸರ್?

ಕೊಪ್ಪಳ_ಕೂಲಿಂಗ್:
ಯೂನಿಟ್ಟಿಗೇ ಸುತ್ತಬೇಡಿ. ಧೂಳು ನೆಟ್ಟಿಗೆ ಕೂತು ಗಾಳಿ ಅಲ್ಲೇ ಕಟ್ಟುತ್ತೆ. ಎರಡಡಿ ದೂರಕ್ಕೆ ಫ್ರೇಮ್ ಹಾಕಿ ಮಿಲ್ ಕಡೆಗೆ ಮಾತ್ರ ಕಟ್ಟಿ, ಬಿಸಿಗಾಳಿ ಬರುವ ಎದುರು ಪೂರ್ತಿ ತೆರೆದಿರಲಿ. ಮಿಲ್ ನಡೆಯುವಷ್ಟು ದಿನ ವಾರಕ್ಕೊಮ್ಮೆ ನೆಟ್ ಕೊಡವಿ.