ಕೆಂಪು ಟೀ ಶರ್ಟಿನ ಮೇಲೆ ಕಪ್ಪು ಗಂಡಭೇರುಂಡ: ಸ್ವಿಟ್ಜರ್ಲೆಂಡಿನಲ್ಲಿ ಹಾಕಿಕೊಳ್ಳಬಹುದಾ?

ಸಾಗರದ_ಹುಡುಗ:

ನಾನಿರುವುದು ವಿಂಟರ್‌ಥೂರ್‌ನಲ್ಲಿ. ರಾಜ್ಯೋತ್ಸವಕ್ಕೆ ನಮ್ಮ ಕನ್ನಡಿಗರ ಗುಂಪಿಗೆ ಟೀ ಶರ್ಟ್ ಮಾಡಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಕೆಂಪು ಬಟ್ಟೆ, ಎದೆ ಮೇಲೆ ಕಪ್ಪು ಗಂಡಭೇರುಂಡ. ಮಾದರಿಗೆ ಅಂತ ಒಂದನ್ನು ಪ್ರಿಂಟ್ ಮಾಡಿಸಿ ಹಾಕಿಕೊಂಡು ಹೊರಗೆ ಹೋಗಿದ್ದೆ. ಬಸ್ಸಿನಲ್ಲಿ ಒಬ್ಬ ಹುಡುಗ ನನ್ನನ್ನು ನೋಡಿ ಖುಷಿಯಿಂದ ಎರಡು ಕೈಗಳನ್ನೂ ಎದೆ ಮುಂದೆ ಅಡ್ಡ ಇಟ್ಟು, ಬೆರಳು ಅಗಲಿಸಿ ತೋರಿಸಿದ. ‘ಅಲ್ಬೇನಿಯಾದವನಾ?’ ಅಂತ ಕೇಳಿದ. ಸಂಜೆ ನಮ್ಮ ಬಿಲ್ಡಿಂಗಿನ ಸೆರ್ಬಿಯಾದ ಹಿರಿಯರೊಬ್ಬರು ಎದುರಾದರು. ದಿನಾ ನಿಂತು ಮಾತಾಡಿಸುವವರು. ಅವತ್ತು ಅಂಗಿ ನೋಡಿದವರೇ ಮುಖ ತಿರುಗಿಸಿ ಒಳಗೆ ಹೋದರು.

ಊರಲ್ಲಿ ಇದು ಸರ್ಕಾರಿ ಕಾಗದದ ಮೇಲೆ, ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನಾವು ನೋಡುತ್ತಾ ಬೆಳೆದ ಹಕ್ಕಿ. ಇಲ್ಲಿ ಇದಕ್ಕೆ ಏನರ್ಥ? ಟೀ ಶರ್ಟ್ ಮಾಡಿಸಲಾ, ಬೇಡವಾ?

ವಿಯೆನ್ನಾ_ಕನ್ನಡತಿ:

ಆ ಹುಡುಗ ತೋರಿಸಿದ್ದು ಅಲ್ಬೇನಿಯನ್ನರ ಹದ್ದಿನ ಗುರುತು. 2018ರ ಫುಟ್‌ಬಾಲ್ ವಿಶ್ವಕಪ್ ನೋಡಿದ್ದರೆ ನೆನಪಿರಬಹುದು. ಜೂನ್ 22, ಕಲಿನಿನ್‌ಗ್ರಾಡ್, ಸ್ವಿಟ್ಜರ್ಲೆಂಡ್ ಎದುರು ಸೆರ್ಬಿಯಾ. ಸ್ವಿಸ್ ತಂಡಕ್ಕೆ ಗೋಲು ಹೊಡೆದ ಗ್ರಾನಿಟ್ ಜಾಕಾ, ಜೆರ್ಡಾನ್ ಶಕೀರಿ ಇಬ್ಬರದೂ ಕೊಸೊವೊದಿಂದ ಬಂದ ಅಲ್ಬೇನಿಯನ್ ಕುಟುಂಬ. (ಕೊಸೊವೊ ಅಂದರೆ ಅಲ್ಬೇನಿಯನ್ನರೇ ಹೆಚ್ಚಿರುವ, ಸೆರ್ಬಿಯಾ ತನ್ನದು ಅನ್ನುವ ನಾಡು.) ಗೋಲಾದ ಕೂಡಲೇ ಇಬ್ಬರೂ ಇದೇ ಗುರುತು ತೋರಿಸಿದರು. ಫಿಫಾ ತಲಾ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಜಾಕಾ ಅವರ ತಂದೆ ಯುಗೊಸ್ಲಾವಿಯಾದಲ್ಲಿ ಪ್ರತಿಭಟನೆಗೆ ಹೋಗಿ ಮೂರು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದವರು. ಅಂಥ ಮನೆಯ ಹುಡುಗನ ಕೈಯಲ್ಲಿ ಆ ಹದ್ದು ಬರೀ ಸಂಭ್ರಮದ್ದಲ್ಲ.

ಇನ್ನು ನಿಮ್ಮ ನೆರೆಯವರ ವಿಷಯ. ಸೆರ್ಬಿಯಾದ ಲಾಂಛನದಲ್ಲೂ ಎರಡು ತಲೆಯ ಹದ್ದೇ ಇದೆ! ಅವರದು ಬಿಳಿ, ಅಲ್ಬೇನಿಯಾದ್ದು ಕೆಂಪಿನ ಮೇಲೆ ಕಪ್ಪು. ಎರಡೂ ಬಂದದ್ದು ಬೈಜಾಂಟಿಯಂ, ಅಂದರೆ ಹಳೆಯ ಪೂರ್ವ ರೋಮನ್ ಸಾಮ್ರಾಜ್ಯದ ಕಡೆಯಿಂದಲೇ. ಆದರೆ 1998-99ರ ಯುದ್ಧದಲ್ಲಿ ಸೆರ್ಬಿಯಾದ ಪಡೆಗಳ ವಿರುದ್ಧ ಹೋರಾಡಿದ ಅಲ್ಬೇನಿಯನ್ನರ ಕೊಸೊವೊ ವಿಮೋಚನಾ ಸೇನೆಯವರ ತೋಳಿನ ಮೇಲೆ ಇದ್ದದ್ದು ಕೆಂಪಿನ ಮೇಲಿನ ಕಪ್ಪು ಹದ್ದು. ಆ ಹಿರಿಯರ ಕಣ್ಣಿಗೆ ಮೊದಲು ಬಿದ್ದಿರುವುದು ಆ ಬಣ್ಣಗಳೇ ಇರಬೇಕು. 2014ರಲ್ಲಿ ಸೆರ್ಬಿಯಾ-ಅಲ್ಬೇನಿಯಾ ಫುಟ್‌ಬಾಲ್ ಪಂದ್ಯದ ನಡುವೆ ಬೆಲ್‌ಗ್ರೇಡಿನ ಮೈದಾನಕ್ಕೆ ಯಾರೋ ಡ್ರೋನ್‌ಗೆ ಕಟ್ಟಿ ಇದೇ ಹದ್ದಿನ ಬಾವುಟ ಹಾರಿಸಿದಾಗ ಆಟಗಾರರೇ ಕೈಕೈ ಮಿಲಾಯಿಸಿ ಪಂದ್ಯ ನಿಂತುಹೋಯಿತು. 2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಕೊಸೊವೊ ತನ್ನ ಬಾವುಟಕ್ಕೆ ಹದ್ದನ್ನೇ ಇಟ್ಟುಕೊಳ್ಳಲಿಲ್ಲ. ನೀಲಿ ಬಟ್ಟೆ, ನಾಡಿನ ನಕ್ಷೆ, ಆರು ನಕ್ಷತ್ರ, ಅಷ್ಟೇ. ಅಲ್ಲಿನ ಸೆರ್ಬರಿಗೂ ಒಪ್ಪಿಗೆಯಾಗಬೇಕಲ್ವಾ?

ನಾನಿರುವ ಆಸ್ಟ್ರಿಯಾದ ವಿಯೆನ್ನಾದಲ್ಲೂ ಇಂಥದ್ದೇ ಕಥೆ. ಇಲ್ಲಿನ ಸ್ಟೀಫನ್ ಚರ್ಚಿನ ಹಂಚಿನ ಮೇಲೆ ಚಕ್ರವರ್ತಿಗಳ ಎರಡು ತಲೆಯ ಹದ್ದು ಈಗಲೂ ಇದೆ. 1918ರಲ್ಲಿ ಸಾಮ್ರಾಜ್ಯ ಹೋಯಿತು, ಗಣರಾಜ್ಯ ಒಂದೇ ತಲೆಯ ಹದ್ದನ್ನು ಇಟ್ಟುಕೊಂಡಿತು. 1934ರಲ್ಲಿ ಸರ್ವಾಧಿಕಾರ ಬಂದಾಗ ಎರಡನೇ ತಲೆ ಮತ್ತೆ ಬಂತು. 1945ರ ನಂತರ ಮತ್ತೆ ಒಂದು ತಲೆ, ಜೊತೆಗೆ ಕಾಲಲ್ಲಿ ಮುರಿದ ಸರಪಳಿ. ಹಾಗಾಗಿ ಇಲ್ಲಿನವರು ಹದ್ದಿನ ತಲೆ ಎಣಿಸಿಯೇ ಅದು ಯಾರ ಕಾಲದ್ದು ಅಂತ ಹೇಳುತ್ತಾರೆ.

ನನ್ನ ಮಾತು ಕೇಳಿದರೆ ಹಕ್ಕಿ ಇರಲಿ, ಬಣ್ಣ ಬದಲಾಯಿಸಿ.

ಹೊಯ್ಸಳ_ನಾಡಿನವ:

ನಾನು ಒಪ್ಪಲ್ಲ. ನಮ್ಮ ಗಂಡಭೇರುಂಡ ಅವರ ಜಗಳಕ್ಕಿಂತ ಎಷ್ಟೋ ಹಳೆಯದು. ಅವರಿಗಾಗಿ ನಾವ್ಯಾಕೆ ಬಣ್ಣ ಬದಲಿಸಬೇಕು? ಧೈರ್ಯವಾಗಿ ಹಾಕಿಕೊಳ್ಳಿ, ಕೇಳಿದವರಿಗೆ ಕರ್ನಾಟಕದ್ದು ಅಂತ ಹೇಳಿ.

ಶಿಕಾರಿಪುರದ_ಟೀಚರ್:

ಹೊಯ್ಸಳ ನಾಡಿನವರೇ, ನಿಮ್ಮ ಅಭಿಮಾನ ನನಗೂ ಇದೆ. ಇತಿಹಾಸ ಪಾಠ ಮಾಡುವಾಗ ಪ್ರತಿ ವರ್ಷ ಮಕ್ಕಳನ್ನು ಬಳ್ಳಿಗಾವೆಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿನ ಭೇರುಂಡ ಕಂಬ 1047ರದ್ದು. ನಿಲ್ಲಿಸಿದವನು ಚಾಲುಕ್ಯರ ಕೈಕೆಳಗೆ ಬನವಾಸಿ ಆಳುತ್ತಿದ್ದ ಚಾವುಂಡರಾಯ. (ಶ್ರವಣಬೆಳಗೊಳದ ಚಾವುಂಡರಾಯ ಬೇರೆ.) ಆ ಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮಕ್ಕಳು ಅದನ್ನು ನೋಡಿ ‘ಇದು ಬಸ್ಸಿನ ಮೇಲೆ ಇರೋದಲ್ಲ ಮಿಸ್’ ಅನ್ನುತ್ತಿದ್ದರು.

ಆದರೆ ‘ನಮ್ಮದು ಹಳೆಯದು’ ಅನ್ನುವ ವಾದ ನಿಲ್ಲುವುದಿಲ್ಲ. ಟರ್ಕಿಯಲ್ಲಿ ಹಿಟ್ಟೈಟರು ಎರಡು ತಲೆಯ ಹದ್ದನ್ನು ಕಲ್ಲಿನಲ್ಲಿ ಕೆತ್ತಿ ಮೂರು ಸಾವಿರ ವರ್ಷ ದಾಟಿದೆ. ತಕ್ಷಶಿಲೆಯ ಸಿರ್ಕಪ್‌ನಲ್ಲಿ ಬೌದ್ಧ ಸ್ತೂಪದ ಮೇಲೂ ಇದೆ. ಹಳೆಯದು ಅನ್ನುವುದರಿಂದ ಹಕ್ಕು ಬರುವುದಾದರೆ ಅದು ನಮಗಂತೂ ಬರುವುದಿಲ್ಲ.

ನಮ್ಮಲ್ಲೂ ಇದು ಜಗಳದ ಹಕ್ಕಿಯೇ ಆಗಿತ್ತು. ನರಸಿಂಹನ ಉಗ್ರ ತಣಿಸಲು ಶಿವ ಶರಭನಾದ ಅಂತ ಶೈವರು ಹೇಳಿದರು. ಶರಭನನ್ನು ಸೋಲಿಸಲು ವಿಷ್ಣು ಗಂಡಭೇರುಂಡನಾದ ಅಂತ ವೈಷ್ಣವರು ಹೇಳಿದರು. ಬೇಲೂರಿನಲ್ಲಿ ಒಂದು ಪ್ರಾಣಿಯನ್ನು ಇನ್ನೊಂದು ಹಿಡಿಯುವ ಶಿಲ್ಪ ಇದೆಯಲ್ಲ, ಅದರಲ್ಲಿ ಶರಭವನ್ನು ಹಿಡಿದಿರುವುದು ಗಂಡಭೇರುಂಡ. ಅದು ವಿಷ್ಣುವಿನ ಗುಡಿ ಅನ್ನುವುದನ್ನು ಮರೆಯಬೇಡಿ. ಈಗ ನಮ್ಮ ರಾಜ್ಯ ಲಾಂಛನ ತೆಗೆದು ನೋಡಿ. ನಡುವೆ ಗಂಡಭೇರುಂಡ, ಅದರ ಅಕ್ಕಪಕ್ಕ ಕಾವಲಿಗೆ ನಿಂತಿರುವ ಆನೆ ಮುಖದ ಸಿಂಹಗಳನ್ನು ಶರಭ ಅಂತಲೇ ಕರೆಯುತ್ತಾರೆ. ಎರಡು ಪಂಥಗಳು ಎದುರುಬದುರು ನಿಲ್ಲಿಸಿದ ಪ್ರಾಣಿಗಳು ಒಂದೇ ಲಾಂಛನದಲ್ಲಿ ನಿಂತಿವೆ. ಇವತ್ತು ಅದನ್ನು ನೋಡಿ ಯಾರಿಗೂ ನೋವಾಗುವುದಿಲ್ಲ, ಯಾಕೆಂದರೆ ಆ ಜಗಳ ಕಂಡವರು ಯಾರೂ ನಮ್ಮ ನಡುವೆ ಇಲ್ಲ. ಸಾಗರದ ಹುಡುಗನ ನೆರೆಯವರು ತಮ್ಮ ಕಾಲದ ಯುದ್ಧವನ್ನು ಕಂಡವರು. ಅವರ ಮುಂದೆ ನಮ್ಮ ಸಾವಿರ ವರ್ಷದ ಲೆಕ್ಕ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ.

ಸಾಗರದ_ಹುಡುಗ:

ಮೇಡಂ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಹಳದಿ ಬಟ್ಟೆ ಮಾಡಿಸುತ್ತೇನೆ. ಆದರೆ ದೂರದಿಂದ ನೋಡಿದರೂ ನಮ್ಮದೇ ಅಂತ ಗೊತ್ತಾಗಬೇಕು. ಯಾವ ಚಿತ್ರ ಹಾಕಲಿ? ರಾಜ್ಯ ಲಾಂಛನವನ್ನೇ ಹಾಕಬಹುದಾ?

ಶಿಕಾರಿಪುರದ_ಟೀಚರ್:

ಲಾಂಛನ ಬೇಡಪ್ಪಾ, ಅದು ಸರ್ಕಾರದ್ದು, ಮೇಲೆ ಅಶೋಕನ ಸಿಂಹಗಳೂ ಇವೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದ ಚಿತ್ರ ಹುಡುಕಿ. ಅದರಲ್ಲಿ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಎತ್ತಿಕೊಂಡಿದೆ. ಯುರೋಪಿನ ಎಷ್ಟೋ ಹದ್ದುಗಳು ಹಿಡಿಯುವುದು ಕತ್ತಿ, ರಾಜದಂಡ. ಆನೆ ಕಂಡರೆ ಅದು ಎಲ್ಲಿಯ ಹಕ್ಕಿ ಅಂತ ಯಾರೂ ಕೇಳಬೇಕಾಗಿಲ್ಲ. ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ‘ಕರ್ನಾಟಕ’ ಅಂತ ಬರೆಸಿ. ನಿಮ್ಮ ನೆರೆಯವರನ್ನು ರಾಜ್ಯೋತ್ಸವದ ಊಟಕ್ಕೂ ಕರೆಯಿರಿ. ಏನು ನಡೆಯಿತು ಅಂತ ನೀವೇ ಅವರಿಗೆ ಹೇಳುವುದು ಒಳ್ಳೆಯದು.