ಅಪ್‌ಡೇಟ್: ರೂಫ್ ಬಾಕ್ಸ್ ತಗೊಂಡಾಯ್ತು

ನಮ್ಮ ಹ್ಯಾಚ್‌ಬ್ಯಾಕ್‌ಗೆ 320 ಲೀಟರಿನ ರೂಫ್ ಬಾಕ್ಸ್ (ಕಾರಿನ ಮೇಲೆ ಸಾಮಾನು ಇಡುವ ಪೆಟ್ಟಿಗೆ) ಸಾಕಾ, 450 ಲೀಟರಿನದ್ದು ಬೇಕಾ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್. ಚಿಕ್ಕದನ್ನೇ ತಗೊಂಡೆ.

ನಿಜವಾಗಿ ನೋಡಬೇಕಾದ್ದು ಲೀಟರ್ ಅಲ್ಲ, ತೂಕ. ಕಾರಿನ ಮ್ಯಾನ್ಯುಯಲ್‌ನಲ್ಲಿ ರೂಫ್ ಮೇಲೆ ಹೆಚ್ಚೆಂದರೆ 75 ಕೆಜಿ ಎಂದಿದೆ. ಕ್ರಾಸ್ ಬಾರ್ (ಬಾಕ್ಸ್ ಕೂರಿಸಲು ರೂಫ್ ಮೇಲೆ ಅಡ್ಡ ಹಾಕುವ ಕಂಬಿಗಳು) 5 ಕೆಜಿ, ಖಾಲಿ ಬಾಕ್ಸ್ 15 ಕೆಜಿ. ಅವೂ ಇದರಲ್ಲೇ ಸೇರುತ್ತವೆ. ಸಾಮಾನಿಗೆ ಉಳಿದದ್ದು 55 ಕೆಜಿ ಅಷ್ಟೇ. ಬಾರ್‌ಗೂ ಬಾಕ್ಸ್‌ಗೂ ತಮ್ಮದೇ ಮಿತಿ ಇರುತ್ತದೆ, ಯಾವುದು ಮೊದಲು ಮುಟ್ಟುತ್ತದೋ ಅಲ್ಲಿಗೆ ನಿಲ್ಲಿಸಬೇಕು. ಹಾಗಿರುವಾಗ ಸುಮ್ನೆ ಜಾಸ್ತಿ ಜಾಗ ಇಟ್ಟುಕೊಂಡು ಏನು ಮಾಡೋದು, ಅಲ್ವಾ?

ಡಿಕ್ಕಿ ಬಾಗಿಲು ಪೂರ್ತಿ ಎತ್ತಿ ಅಳತೆ ತೆಗೆಯಿರಿ ಎಂದ ಸಲಹೆ ಬಹಳ ಉಪಯೋಗವಾಯಿತು. ದೊಡ್ಡ ಬಾಕ್ಸ್ ಬಾಗಿಲಿಗೆ ತಾಗುತ್ತಿತ್ತು. ಮುಂದಕ್ಕೆ ಸರಿಸೋಣ ಎಂದರೆ ನಮ್ಮ ಕಾರಿನ ಬಾರ್‌ಗಳ ಅಂತರಕ್ಕೆ ಅದರ ಕ್ಲಾಂಪ್ ಹೊಂದುವುದಿಲ್ಲ.

ಎರಡೂ ಕಡೆಯಿಂದ ತೆರೆಯುವುದನ್ನೇ ಆರಿಸಿದೆ. ರಸ್ತೆ ಬದಿಯಲ್ಲಿ ನಿಲ್ಲಿಸಿದಾಗ ವಾಹನಗಳು ಓಡಾಡುವ ಕಡೆ ನಿಲ್ಲಬೇಕಿಲ್ಲ. ಮೇಲೆ ಬಟ್ಟೆ, ಹಾಸಿಗೆಯಂಥ ಹಗುರ ಸಾಮಾನು ಮಾತ್ರ, ಭಾರದ್ದೆಲ್ಲ ಕಾರಿನೊಳಗೆ. ಬಾಕ್ಸ್ ಸೇರಿ ಕಾರಿನ ಒಟ್ಟು ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿದ್ದೇನೆ, ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿಯುವ ಮೊದಲು ನೋಡಿಕೊಳ್ಳಲು.